ಏಳನೇ ಕ್ಲಾಸಿಗೆ ಪಾಠ ಹೇಳಿದವರು

ಮರಳೂರು, ತುಮಕೂರು
೨೧-೯-೧೯೮೬, ಭಾನುವಾರ

ಚಿ|| ರಂಗನಾಯಕಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ನೆಟ್ಟಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ಅವಳ ಬಾಯಿಯೂ ಹಾಗೇ ಇದೆ, ಎರಡಕ್ಕೂ ಇನ್ನೂ ಔಷಧಿ ಸಿಕ್ಕಿಲ್ಲ. ಹಿತ್ತಲಿನ ಸೀಬೆ ಗಿಡ ಈ ವರ್ಷ ಮೈತುಂಬ ಕಾಯಿ ಬಿಟ್ಟಿದೆ. ಪಕ್ಕದ ಮನೆ ಚಿಕ್ಕರಂಗಯ್ಯ ಬೆಳಿಗ್ಗೆ ಎದ್ದ ತಕ್ಷಣ ಕಾಂಪೌಂಡಿನ ಹತ್ತಿರ ಬಂದು ನಿಂತು, ಗಿಡವನ್ನೇ ನೋಡುತ್ತ ನನ್ನ ಆರೋಗ್ಯ ವಿಚಾರಿಸುತ್ತಾರೆ.

ನಿನ್ನ ಮೂರು ಕಾಗದಗಳೂ ತಲುಪಿವೆ. ಉತ್ತರ ಬರೆಯದ ತಪ್ಪನ್ನು ಅಂಚೆಯ ಮೇಲೆ ಹಾಕೋಣವೆಂದರೆ ನಮ್ಮ ಪೋಸ್ಟ್‌ಮನ್ ದ್ಯಾವಪ್ಪ ಒಂದು ಕಾರ್ಡನ್ನೂ ಕಳೆದವನಲ್ಲ. ಮೂರೂ ನನ್ನ ಮೇಜಿನ ಡ್ರಾಯರಿನಲ್ಲಿದ್ದವು. ಕೆಲಸ ಹೆಚ್ಚು, ಶಾಲೆಯಲ್ಲಿ ಪರೀಕ್ಷೆ ಎಂದೆಲ್ಲ ಬರೆಯಬಹುದು. ಆದರೆ ನೀನೂ ಈಗ ಮೇಡಮ್ಮು, ಸೆಪ್ಟೆಂಬರಿನಲ್ಲಿ ಮೇಷ್ಟರುಗಳಿಗೆ ಎಷ್ಟು ಕೆಲಸವಿರುತ್ತದೆಂದು ನಿನಗೂ ಗೊತ್ತು. ಉತ್ತರ ಬರೆಯಲು ನನಗೆ ಮುಖವಿರಲಿಲ್ಲ. ಅದೇ ನಿಜವಾದ ಕಾರಣ.

ಹುತ್ರಿದುರ್ಗದ ಕಡೆಯ ಸ್ಕೂಲಿಗೆ ಆರ್ಡರ್ ಆಗಿದೆ ಎಂದು ನೀನು ಕುಣಿದಾಡಿದಾಗ ನಾನೂ ಪೆಪ್ಪರ್‌ಮೆಂಟ್ ಹಂಚಿದವನೇ. ಆಮೇಲೆ ನಿನ್ನ ಮೊದಲನೆಯ ಕಾಗದ ಬಂತು. 'ಅಪ್ಪಾ, ಇಲ್ಲಿ ಮುನಾವರ್ ಪಾಷಾ ಅಂತ ಹಿರಿಯ ಮೇಷ್ಟ್ರೊಬ್ಬರಿದ್ದಾರೆ. ನನ್ನ ಊರು ಹೆಸರು ಕೇಳಿದವರೇ, ಗುಬ್ಬಿ ಕಡೆ ಇದ್ರಲ್ಲ ವೆಂಕಟರಂಗಯ್ಯ ಮೇಷ್ಟ್ರು, ಅವರ ಮಗಳೇನಮ್ಮಾ ನೀನು ಅಂದರು. ಅವತ್ತೇ ಕುಣಿಗಲ್ಲಿನಲ್ಲಿ ನನಗೆ ಬಾಡಿಗೆ ರೂಮು ನೋಡಿಕೊಟ್ಟರು. ಅವರ ಮನೆಯವರಂತೂ ಭಾನುವಾರ ಬಂದರೆ ಬಾಕ್ಸಿನಲ್ಲಿ ಏನಾದರೂ ಹಾಕಿ ಕಳಿಸದೆ ಬಿಡಲ್ಲ' ಎಂದು ಬರೆದಿದ್ದೆ. ಎರಡನೆಯದರಲ್ಲಿ, 'ನೀವು ಇಷ್ಟು ವರ್ಷದಲ್ಲಿ ಅವರ ಹೆಸರನ್ನೇ ಎತ್ತಿಲ್ಲವಲ್ಲಪ್ಪಾ, ಜಗಳವೇನಾದರೂ ಆಡಿದ್ರಾ' ಎಂದು ಕೇಳಿದ್ದೆ. ಈಗ ಮೂರನೆಯದರಲ್ಲಿ, ಮೂವತ್ತನೆಯ ತಾರೀಖು ಅವರಿಗೆ ನಿವೃತ್ತಿ, ಮಧ್ಯಾಹ್ನ ಬೀಳ್ಕೊಡುಗೆ ಸಮಾರಂಭ, ನೀವೂ ನಾಲ್ಕು ಮಾತು ಬರೆದು ಕಳಿಸಿ, ನಾನು ಓದುತ್ತೇನೆ ಎನ್ನುತ್ತಿದ್ದೀಯ. ಜೊತೆಗೆ ನನ್ನ ಉತ್ತಮ ಶಿಕ್ಷಕ ಪ್ರಶಸ್ತಿಯ ಫೋಟೋ ಬೇಕಂತೆ. ಪಾಷಾ ಮೇಷ್ಟ್ರು 'ನಾನು ಆ ಫೋಟೋ ನೋಡೇ ಇಲ್ಲ ಕಣಮ್ಮಾ' ಅಂದರಂತೆ.

ಆ ಸಾಲು ಓದಿದ ಮೇಲೆ ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ, 'ಜ್ವರ ಇಲ್ಲ, ಸುಮ್ನೆ ತಿನ್ರೀ' ಅಂದಳು.

ಜಗಳ ಆಡಿರಲಿಲ್ಲ ಮಗಳೇ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು.

ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಕಾಮಾಲೆಯಾಗಿ ಬೆಂಗಳೂರಿನಲ್ಲಿ ಆರು ವಾರ ಇದ್ದು ಬಂದದ್ದು ನೆನಪಿದೆಯಲ್ಲ? ಅದು ಕಾಮಾಲೆಯಲ್ಲ. ನನ್ನ ಗಂಟಲಿನಲ್ಲಿ ಕ್ಯಾನ್ಸರಾಗಿತ್ತು. ಇಷ್ಟು ವರ್ಷ ಈ ಪದವನ್ನು ನಮ್ಮ ಮನೆಯಲ್ಲಿ ಯಾರೂ ಆಡಿಲ್ಲ, ನಿನ್ನಮ್ಮ ಅದನ್ನು 'ಆ ಕಾಯ್ಲೆ' ಅನ್ನುತ್ತಾಳೆ. ಗಾಬರಿಯಾಗಬೇಡ, ಈಗ ಏನೂ ಇಲ್ಲ. ವರ್ಷಕ್ಕೊಂದು ಸಲ ಹೋಗಿ ಬಾಯಿ ತೆರೆದು ತೋರಿಸಿ ಬರುತ್ತೇನೆ, ಡಾಕ್ಟರು 'ಹೋಗಿ ಮೇಷ್ಟ್ರೇ' ಅನ್ನುತ್ತಾರೆ, ಅಷ್ಟೇ.

ಆಗ ಹಾಗಿರಲಿಲ್ಲ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಗಂಟಲು ಕಟ್ಟಿತು. ಪಾಠ ಹೇಳಿ ಹೇಳಿ ಹೀಗಾಯಿತು ಎಂದುಕೊಂಡು ಕಲ್ಲುಸಕ್ಕರೆ, ಮೆಣಸು ಬಾಯಲ್ಲಿ ಹಾಕಿಕೊಂಡು ಓಡಾಡಿದೆ. ಜೂನ್ ಹೊತ್ತಿಗೆ ನನ್ನ ಮಾತು ಒಡಕು ಪೀಪಿಯ ಹಾಗಾಗಿತ್ತು, ಮಕ್ಕಳು ಮುಸಿಮುಸಿ ನಗುತ್ತಿದ್ದರು. ಗುಬ್ಬಿಯಾಚೆಯ ನಮ್ಮ ಶಾಲೆಯಲ್ಲಿ ನಾನು ಏಳನೇ ಕ್ಲಾಸು, ಪಾಷಾ ನಾಲ್ಕನೇ ಕ್ಲಾಸು. ಒಂದೇ ಉದ್ದನೆಯ ಹಾಲ್, ನಡುವೆ ಬಿದಿರಿನ ತಡಿಕೆ. ಆ ಕಡೆಯಿಂದ ನನ್ನ ಸ್ವರ ಕೇಳುತ್ತ ಕೇಳುತ್ತ ಒಂದು ದಿನ ಅವರೇ ಬಂದು, 'ಮೇಷ್ಟ್ರೇ, ಇದು ನೆಗಡಿ ಅಲ್ಲ. ಶನಿವಾರ ಅರ್ಧ ದಿನ ಸ್ಕೂಲು ಮುಗಿಸ್ಕೊಂಡು ಬೆಂಗ್ಳೂರಿಗೆ ಹೋಗನ ನಡೀರಿ. ನಿಮ್ಮನ್ನ ಕೇಳ್ತಾ ಇಲ್ಲ, ಹೇಳ್ತಾ ಇದೀನಿ' ಅಂದರು. ನನ್ನ ಹೆಂಡತಿಗಿಂತ ಮೊದಲು ನನ್ನ ಕಾಯಿಲೆಯ ಹೆಸರು ಕೇಳಿದವರು ಅವರು. ಡಾಕ್ಟರು ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಪಕ್ಕದಲ್ಲಿ ಕೂತು ಒಂದು ಬೀಡಿ ಹಚ್ಚಿದರು, ಹಚ್ಚಿದವರು ನನ್ನ ಗಂಟಲು ನೆನಪಾಗಿ ಆರಿಸಿಬಿಟ್ಟರು. ಆವತ್ತಿನಿಂದ ಅವರು ಬೀಡಿ ಸೇದಿಲ್ಲ ಎಂದು ಆಮೇಲೆ ಬೇರೆಯವರಿಂದ ಗೊತ್ತಾಯಿತು.

ಆರು ವಾರ ದಿನಾ ಗಂಟಲಿಗೆ ಕರೆಂಟ್, ಅಂದರೆ ರೇಡಿಯೇಶನ್, ಕೊಡಬೇಕೆಂದರು. ತುಮಕೂರಿನಿಂದ ದಿನಾ ಓಡಾಡುವ ಶಕ್ತಿ ಇರಲಿಲ್ಲ. ನಿಮಗೆಲ್ಲ ಛತ್ರದಲ್ಲಿದ್ದೇನೆ ಎಂದು ಹೇಳಿದ್ದೆ. ನಾನಿದ್ದದ್ದು ಪಾಷಾ ಅವರ ತಂಗಿ ನಜೀರಾ ಅವರ ಮನೆಯಲ್ಲಿ. ಎರಡೇ ಕೋಣೆಯ ಮನೆ, ಒಂದನ್ನು ನನಗೆ ಬಿಟ್ಟುಕೊಟ್ಟು ಅವರು ಐದು ಜನ ಇನ್ನೊಂದರಲ್ಲಿ ಮಲಗಿದರು. ಎಂಜಲು ನುಂಗಿದರೂ ಗಂಟಲು ಉರಿಯುತ್ತಿತ್ತು. ಆ ಹೆಣ್ಣುಮಗಳು ಅಕ್ಕಿಯನ್ನು ಹೆಸರುಬೇಳೆಯ ಜೊತೆ ಬೇಯಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ, ಆರಿಸಿ ತಂದು ಮುಂದಿಡುತ್ತಿದ್ದರು. ಆ ಆರು ವಾರ ನನ್ನ ಸಲುವಾಗಿ ಆ ಮನೆಯಲ್ಲಿ ಮಾಂಸ ಬೇಯಿಸಲಿಲ್ಲ. ಊರಿಗೆ ಹೊರಡುವಾಗ, ಕರೆದುಕೊಂಡು ಹೋಗಲು ಬಂದಿದ್ದ ಪಾಷಾ ಅವರಿಗೆ ನಾನು ಚೀಟಿ ಬರೆದು ಕೇಳಿಕೊಂಡದ್ದೇನು ಗೊತ್ತೆ? 'ದಯವಿಟ್ಟು ಯಾರಿಗೂ ನಿಮ್ಮ ತಂಗಿಯ ಮನೆ ಎನ್ನಬೇಡಿ, ಛತ್ರ ಎನ್ನಿ.' ಅವರು ಚೀಟಿ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, 'ಆಯ್ತು, ಛತ್ರ. ಊಟ ಚೆನ್ನಾಗಿತ್ತಾ ಛತ್ರದಲ್ಲಿ?' ಎಂದು ನಕ್ಕರು. ನಾನೂ ನಕ್ಕೆ. ಈಗ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಊರಿಗೆ ಬಂದ ಮೇಲೆ ನಿಜವಾದ ಕಷ್ಟ. ಗಡ್ಡೆ ಕರಗಿತ್ತು, ಜೊತೆಗೆ ಮಾತೂ ಹೋಗಿತ್ತು. 'ಪಿಸುಮಾತೂ ಆಡಬೇಡಿ, ಧ್ವನಿ ಬಂದರೆ ಬರಬಹುದು, ಖಾತ್ರಿ ಹೇಳಲಾರೆ' ಎಂದಿದ್ದರು ಡಾಕ್ಟರು. ಇದ್ದ ರಜೆಯೆಲ್ಲ ಮುಗಿದಿತ್ತು. ಮೂಕ ಮೇಷ್ಟರನ್ನು ಇಟ್ಟುಕೊಂಡು ಇಲಾಖೆ ಏನು ಮಾಡೀತು? ಮೆಡಿಕಲ್ ಬೋರ್ಡಿಗೆ ಕಳಿಸಿ, ಅನ್‌ಫಿಟ್ ಎಂದು ಬರೆಸಿ ಮನೆಗೆ ಅಟ್ಟುತ್ತಿದ್ದರು. ನೀನು ಓದಬೇಕಾಗಿತ್ತು. ಈ ಮನೆಗೆ ಆಗಿನ್ನೂ ಪಾಯ ಮಾತ್ರ ಹಾಕಿತ್ತು.

ಹೆಡ್‌ಮಾಸ್ಟರು ದೊಡ್ಡರಂಗಯ್ಯನವರು ಸಾಧು ಮನುಷ್ಯ, ಆದರೆ ಪುಕ್ಕಲು. 'ನಾನು ಏನೂ ಕಂಡಿಲ್ಲ, ನೀವು ಏನೂ ಹೇಳಿಲ್ಲ ಕಣ್ರಯ್ಯಾ. ಇನ್ಸ್‌ಪೆಕ್ಟ್ರು ಬಂದ್ರೆ ನೆಗಡಿ ಅಂತೀನಿ, ಅಷ್ಟೇ ನನ್ ಕೈಲಾಗೋದು' ಅಂದರು. ಪಾಷಾ ಮಾರನೆಯ ದಿನ ತಡಿಕೆಯ ಕಟ್ಟು ಬಿಚ್ಚಿ, ನಡುವಿನ ಒಂದು ಚೌಕವನ್ನು ಎತ್ತಿ ಗೋಡೆಗೆ ಒರಗಿಸಿದರು. ಆ ಕಂಡಿಯಲ್ಲಿ ನಿಂತು, 'ಮೇಷ್ಟ್ರೇ, ನೀವು ಬೋರ್ಡ್ ಮೇಲೆ ಬರೀರಿ. ಮಾತು ನಂದು. ನಮ್ಮಪ್ಪ ಗುಬ್ಬಿ ಸಂತೇಲಿ ಬಳೆ ಕೂಗಿ ಮಾರ್ದೋನು, ಗಂಟ್ಲು ನಂಗೆ ಪುಕ್ಸಟ್ಟೆ ಬಂದದೆ' ಅಂದರು.

ಐದಾರು ತಿಂಗಳು ಹೀಗೇ ನಡೆಯಿತು. ಬೆಳಿಗ್ಗೆ ಎಂಟೂವರೆಗೆ ಇಬ್ಬರೂ ಶಾಲೆ ಸೇರುತ್ತಿದ್ದೆವು. ಆ ದಿನದ ಪಾಠವನ್ನೆಲ್ಲ ನಾನು ಹಾಳೆಯಲ್ಲಿ ಬರೆದು ತಂದಿರುತ್ತಿದ್ದೆ. ಅವರು ಓದಿಕೊಂಡು, ತಿಳಿಯದ್ದನ್ನು ಕೇಳಿ, ಹತ್ತು ಗಂಟೆಗೆ ಕಂಡಿಯಲ್ಲಿ ನಿಲ್ಲುತ್ತಿದ್ದರು. ತಪ್ಪು ಹೇಳಿದರೆ ನಾನು ಕೋಲಿನಿಂದ ಬೋರ್ಡಿಗೆ ಒಂದು ಏಟು ಹೊಡೆಯಬೇಕು, ಅವರು ಅಲ್ಲಿಂದ ಹಿಂದಕ್ಕೆ ಬರಬೇಕು. ಒಂದು ಸಲ ತ್ರಿಭುಜದ ಪಾಠದಲ್ಲಿ ಏಟಿನ ಮೇಲೆ ಏಟು ಹೊಡೆದು ಕೋಲೇ ಮುರಿಯಿತು. 'ತ್ರಿಭುಜಕ್ಕೆ ಮೂರೇ ಮೂಲೆ, ನಂಗೆ ಬಿದ್ದಿದ್ದು ಒಂಬತ್ತು ಏಟು' ಅಂದರು. ಮಕ್ಕಳು ಬಿದ್ದು ಬಿದ್ದು ನಕ್ಕರು, ನಾನು ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾಯಿಲೆಯ ಆ ವರ್ಷದಲ್ಲಿ ನಾನು ನಕ್ಕದ್ದೆಲ್ಲ ಆ ಹಾಲಿನಲ್ಲೇ. ಅವರು ಹೇಳಿದ ಹಾಗೆ ಏಳನೇ ಕ್ಲಾಸಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಗೊತ್ತಿಲ್ಲದ್ದನ್ನು ಅದೇ ಬೆಳಿಗ್ಗೆ ಕಲಿತುಕೊಂಡು ಬಂದವರಾದ್ದರಿಂದ, ಮಕ್ಕಳು ಎಲ್ಲಿ ಎಡವುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರ ನಾಲ್ಕನೇ ಕ್ಲಾಸು? ಮಗ್ಗಿ ಬರೆದುಕೊಳ್ಳಿ, ಕಾಪಿ ಬರೆಯಿರಿ ಎಂದು ಹೇಳಿ ಕಂಡಿಯ ಕಡೆ ತಿರುಗಿಬಿಡುತ್ತಿದ್ದರು. ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ, ನಾಲ್ಕನೆಯದಕ್ಕೆ ಅಂಥದ್ದೇನಿಲ್ಲ. 'ಬೇಸ್ಗೆ ರಜಾದಲ್ಲಿ ಬಂದು ಇವರಿಗೆ ಹೇಳ್ಕೊಡ್ತೀನಿ ಬುಡಿ ಮೇಷ್ಟ್ರೇ' ಅನ್ನುತ್ತಿದ್ದರು. ನಾನು ತಲೆಯಾಡಿಸಿದೆ. ನನ್ನ ಅನ್ನ ಉಳಿಯುವುದು ನನಗೆ ಮುಖ್ಯವಾಗಿತ್ತು, ಮೂವತ್ತು ಮಕ್ಕಳ ಓದು ಆಮೇಲೆ. ಇದನ್ನು ಒಬ್ಬ ಮೇಷ್ಟರಾಗಿ ಬರೆಯುತ್ತಿದ್ದೇನೆ, ನೀನೂ ಮೇಷ್ಟರಾಗಿಯೇ ಓದು.

(ಇಲ್ಲಿ ನಿಲ್ಲಿಸಬೇಕಾಯಿತು. ಬಟವಾಡಿಯಿಂದ ನಿಮ್ಮ ಸೋದರಮಾವ ಬಂದು ಎರಡು ಗಂಟೆ ಕೂತು, ತನ್ನ ಹೊಸ ಸ್ಕೂಟರಿನ ಕಥೆ ಹೇಳಿ ಹೋದ. ಇವತ್ತು ಅವನ ಕೊರೆತವೂ ಹಿತವಾಗಿತ್ತು, ಮುಂದಿನದನ್ನು ಬರೆಯುವುದು ತಪ್ಪಿತಲ್ಲ ಎಂದು. ಈಗ ಬರೆಯಲೇಬೇಕು.)

ಎಪ್ಪತ್ತೊಂಬತ್ತರ ಜನವರಿ ಕೊನೆಯ ವಾರ, ಹೇಳದೆ ಕೇಳದೆ ಇನ್ಸ್‌ಪೆಕ್ಟರು ಬಂದರು. ಅವರ ಹೆಸರು ಬೇಡ, ಈಗಿಲ್ಲ. ದೊಡ್ಡರಂಗಯ್ಯನವರು ಬಾಗಿಲಲ್ಲೇ 'ನಮ್ಮ ಏಳನೇ ಕ್ಲಾಸ್ ಮೇಷ್ಟ್ರಿಗೆ ಇವತ್ತು ಗಂಟ್ಲು ಸರಿಯಿಲ್ಲ ಸಾರ್, ನೆಗಡಿ' ಎಂದು ಒಪ್ಪಿಸಿದರು. ಪಾಷಾ ಓಡಿಹೋಗಿ ತಡಿಕೆಯ ಚೌಕವನ್ನು ಮತ್ತೆ ಕಟ್ಟಿದ್ದರು. ಇನ್ಸ್‌ಪೆಕ್ಟರು ಏಳನೇ ಕ್ಲಾಸಿಗೆ ತಾವೇ ಪ್ರಶ್ನೆ ಹಾಕುತ್ತ ಹೋದರು. ಮಕ್ಕಳು ಪಟಪಟನೆ ಉತ್ತರ ಕೊಟ್ಟರು. ಹಿಂದಿನ ಬೆಂಚಿನಲ್ಲಿ ತೂಕಡಿಸುವ ತಿಪ್ಪಯ್ಯ ಸಹ ಎದ್ದುನಿಂತು ಕೋನಗಳ ಲೆಕ್ಕ ಬಿಡಿಸಿದ. ಇನ್ಸ್‌ಪೆಕ್ಟರು ನನ್ನ ಬೆನ್ನು ತಟ್ಟಿ, 'ಶಭಾಷ್ ಕಣ್ರೀ. ಈ ತಾಲ್ಲೂಕಲ್ಲಿ ಇಂಥ ಕ್ಲಾಸು ನೋಡಿಲ್ಲ ನಾನು' ಅಂದರು.

ಆಮೇಲೆ ತಡಿಕೆಯ ಆಚೆ ಹೋದರು. ಚಿಕ್ಕಮಾರಮ್ಮ ಎಂಬ ಹುಡುಗಿಯನ್ನು ಎಬ್ಬಿಸಿ ಪುಸ್ತಕ ಓದಿಸಿದರು. ಅವಳಿಗೆ ಒಂದು ಸಾಲೂ ಬರಲಿಲ್ಲ. ಪಕ್ಕದವಳಿಗೂ ಬರಲಿಲ್ಲ. ಏಳರ ಮಗ್ಗಿ ಅರ್ಧಕ್ಕೆ ನಿಂತಿತು. 'ಹಾಗಾದ್ರೆ ನಿಂಗೇನ್ ಬರುತ್ತೋ ಅದನ್ನೇ ಹೇಳಮ್ಮಾ' ಎಂದರು ಇನ್ಸ್‌ಪೆಕ್ಟರು. ಆ ಮಗು ಕೈಕಟ್ಟಿ ನಿಂತು, ಗಟ್ಟಿಯಾಗಿ, 'ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಅಶುದ್ಧ ರಕ್ತವು ಬಲಗಡೆಗೆ ಬರುತ್ತದೆ' ಎಂದು ಶುರು ಮಾಡಿತು. ತಪ್ಪಿಲ್ಲದೆ ಇಡೀ ಪಾಠ ಒಪ್ಪಿಸಿತು. ಐದು ತಿಂಗಳು ಆ ಮಕ್ಕಳು ಕೇಳಿದ್ದು ಅದನ್ನೇ ಅಲ್ಲವೆ?

ಇನ್ಸ್‌ಪೆಕ್ಟರಿಗೆ ಮೊದಲು ನಗು ಬಂತು, ಆಮೇಲೆ ಕೋಪ. 'ಏನ್ರೀ ಪಾಷಾ, ಇದು ಏಳನೇ ಕ್ಲಾಸಿನ ಪಾಠ. ಇವಳಿಗೆ ಹೆಂಗ್ರೀ ಬಂತು? ಸ್ವಂತ ಪಾಠ ಒಂದಕ್ಷರ ಬರಲ್ಲ!'

ಪಾಷಾ ತಡಿಕೆಯ ಕಡೆ ನೋಡಿದರು. ನಾನು ಬಂದು ಅದರ ಪಕ್ಕದಲ್ಲಿ ನಿಂತಿದ್ದೆ. ನನ್ನ ಕಡೆಯಿಂದ ಕಣ್ಣು ತೆಗೆದು, 'ಪಕ್ಕದ ಮೇಷ್ಟ್ರು ಅಷ್ಟು ಚೆನ್ನಾಗಿ ಹೇಳ್ಕೊಡ್ತಾರೆ ಸಾರ್. ನಮ್ಮ ಮಕ್ಳಿಗೂ ಕೇಳ್ಸುತ್ತೆ' ಅಂದರು.

'ಅವರು ಹೇಳ್ಕೊಡೋವಾಗ ನೀವು ನಿದ್ದೆ ಹೊಡೀತಿದ್ರಾ?'

ಪಾಷಾ ಚಿಕ್ಕಮಾರಮ್ಮನಿಗೆ ಕೂತುಕೋ ಎಂದು ಸನ್ನೆ ಮಾಡಿದರು. ಏನು ಹೇಳಿದರೂ ನನ್ನ ಗಂಟಲು ಬಯಲಾಗುತ್ತಿತ್ತು. ಆಗ ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. 'ಮೇಷ್ಟ್ರೇ, ನೀವು ತಡಿಕೆ ಪಕ್ಕದಲ್ಲೇ ಇರೋರು. ಈ ಮನುಷ್ಯ ಪಾಠ ಮಾಡಿದ್ದನ್ನ ಒಂದು ದಿನಾನಾದ್ರೂ ಕೇಳಿದೀರೇನ್ರೀ?'

ಐದು ತಿಂಗಳಿಂದ ದಿನಾ ಕೇಳಿದವನು ನಾನು. ಅವರ ಮಾತಿನಿಂದಲೇ ನನ್ನ ಮನೆಯ ಒಲೆ ಉರಿಯುತ್ತಿತ್ತು. ನಾನು ಗಂಟಲು ಮುಟ್ಟಿ ತೋರಿಸಿ, ತಲೆ ತಗ್ಗಿಸಿ ನಿಂತೆ. ಕೈಯಲ್ಲಿ ಸೀಮೆಸುಣ್ಣ ಇತ್ತು, ಹಿಂದೆಯೇ ಬೋರ್ಡ್ ಇತ್ತು. ಒಂದು ಸಾಲು ಬರೆಯಲಿಲ್ಲ. 'ಅಯ್ಯೋ, ನಿಮ್ಗೆ ಗಂಟ್ಲು ಸರಿಯಿಲ್ಲ ಅಲ್ವಾ, ಇರ್ಲಿ ಬಿಡಿ' ಎಂದು ಇನ್ಸ್‌ಪೆಕ್ಟರು ನನಗೇ ಸಮಾಧಾನ ಹೇಳಿದರು.

'ಬೋಧನೆಯಲ್ಲಿ ಘೋರ ನಿರ್ಲಕ್ಷ್ಯ' ಎಂದು ಪಾಷಾ ಅವರ ಸರ್ವಿಸ್ ರಿಜಿಸ್ಟರಿನಲ್ಲಿ ಬರೆದರು. ಒಂದು ಇಂಕ್ರಿಮೆಂಟ್ ನಿಂತಿತು. ಫೆಬ್ರವರಿ ಕೊನೆಗೇ ಹುತ್ರಿದುರ್ಗದ ಬೆಟ್ಟದ ಬುಡಕ್ಕೆ ವರ್ಗ. ಆ ಒಂದು ಸಾಲಿನಿಂದ ಅವರು ಹೆಡ್‌ಮಾಸ್ಟರ್ ಆಗಲೇ ಇಲ್ಲ. ಅವರಿಗಿಂತ ಕಿರಿಯರು ಆದರು, ನಾನೂ ಆದೆ. ಮೂವತ್ತಕ್ಕೆ ಅವರು ಸಹಶಿಕ್ಷಕರಾಗಿಯೇ ನಿವೃತ್ತಿಯಾಗುತ್ತಿದ್ದಾರಲ್ಲ, ಏಕೆಂದು ನಿನಗೆ ಈಗ ತಿಳಿಯಿತು.

ನನ್ನ ಏಳನೇ ಕ್ಲಾಸು, ಮತ್ತೆ ನನ್ನ ಎಂದು ಬರೆದೆ ನೋಡು, ನೂರಕ್ಕೆ ನೂರು ಪಾಸಾಯಿತು. ಅದೇ ವರ್ಷ ಸೆಪ್ಟೆಂಬರ್ ಐದಕ್ಕೆ ತಾಲ್ಲೂಕಿನ ಉತ್ತಮ ಶಿಕ್ಷಕ ಎಂದು ನನಗೆ ಶಾಲು ಹೊದಿಸಿದರು. ಅಷ್ಟು ಹೊತ್ತಿಗೆ ಮಾತೂ ಬಂದಿತ್ತು, ಈಗಿರುವ ಈ ಒರಟು ಮಾತು. ವೇದಿಕೆಯಲ್ಲಿ ಹತ್ತು ನಿಮಿಷ ಭಾಷಣ ಮಾಡಿದೆ. ತಂದೆತಾಯಿಯನ್ನು ನೆನೆದೆ, ಹೆಡ್‌ಮಾಸ್ಟರನ್ನು ನೆನೆದೆ, ಬೋರ್ಡಿಗೆ ಮಸಿ ಹಚ್ಚುತ್ತಿದ್ದ ಜವಾನ ದಾಸಯ್ಯನನ್ನೂ ನೆನೆದೆ. ಪಾಷಾ ಎಂಬ ಹೆಸರು ನಾಲಿಗೆಯವರೆಗೂ ಬಂತು, ಮುಂದಿನ ಸಾಲಿನಲ್ಲಿ ಅದೇ ಇನ್ಸ್‌ಪೆಕ್ಟರು ಕೂತಿದ್ದರು, ನುಂಗಿದೆ. ಫೋಟೋದಲ್ಲಿ ನಾನು ಬಾಯಿ ಅರೆ ತೆರೆದು ನಿಂತಿದ್ದೇನಲ್ಲ, ಅದನ್ನು ನೀವೆಲ್ಲ ನಗು ಎಂದುಕೊಂಡಿದ್ದೀರಿ.

ಆ ವರ್ಷ ಕಾರ್ತಿಕದಲ್ಲಿ ಕುಣಿಗಲ್ಲಿನಿಂದ ಒಂದು ಕಾರ್ಡು ಬಂತು. ಅದು ನನಗೆ ಬಾಯಿಪಾಠವಾಗಿದೆ. 'ಮೇಷ್ಟ್ರೇ, ನಿಮಗೆ ಮಾತು ಬಂತು ಅಂತ ದೊಡ್ಡರಂಗಯ್ಯನವರು ಹೇಳಿದರು. ಕೇಳಿ ಖುಷಿಯಾಯಿತು, ಮನೆಯಲ್ಲಿ ಸಿಹಿ ಮಾಡಿಸಿದೆ. ಆವತ್ತಿನದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಾತಾಡಲು ಆಗಿದ್ದರೆ ನೀವು ಹೇಳುತ್ತಿದ್ದಿರಿ ಎಂದು ನನಗೆ ಗೊತ್ತು. ಗಂಟಲಿಗೆ ಮಫ್ಲರ್ ಸುತ್ತಿಕೊಳ್ಳಿ, ಚಳಿ ಶುರುವಾಯಿತು.' ನಾನು ಉತ್ತರ ಬರೆಯಲಿಲ್ಲ. ಏಳು ವರ್ಷವಾಯಿತು. ಕುಣಿಗಲ್ ಕಡೆಯ ಮದುವೆಗಳಿಗೆಲ್ಲ ನಿನ್ನಮ್ಮನನ್ನು ಒಬ್ಬಳೇ ಕಳಿಸುತ್ತ ಬಂದೆ. 'ಅಲ್ಲೇನು ಹುಲಿ ಇದೆಯೇನ್ರೀ' ಎಂದು ಅವಳು ಗೊಣಗುತ್ತಿದ್ದಳು.

ಈಗ ನೀನು ಹೋಗಿ ಅದೇ ಮನುಷ್ಯರ ಮನೆಯ ಊಟ ಉಣ್ಣುತ್ತಿದ್ದೀಯ. ನಾನು ಯಾರೆಂದು ಗೊತ್ತಿದ್ದೂ ನನ್ನ ಮಗಳಿಗೆ ರೂಮು ಹುಡುಕಿಕೊಟ್ಟಿದ್ದಾರೆ. ನನ್ನ ಕಾಯಿಲೆಯ ವಿಷಯ ನಿನ್ನ ಹತ್ತಿರವೂ ಬಾಯಿಬಿಟ್ಟಿಲ್ಲ. ನಾಚಿಕೆ ಎಂದರೆ ಸಾಲದು ಮಗಳೇ, ನನಗೆ ನನ್ನ ಮುಖ ಕನ್ನಡಿಯಲ್ಲಿ ನೋಡಿಕೊಂಡು ಗಡ್ಡ ಹೆರೆಯಲು ಹೇಸಿಗೆಯಾಗುತ್ತದೆ.

ಆದ್ದರಿಂದ ಇದು ನನ್ನ ನಿರ್ಧಾರ. ಈ ಕವರಿನಲ್ಲಿ ಒಂದು ಹೇಳಿಕೆ ಇಟ್ಟಿದ್ದೇನೆ. ಎಪ್ಪತ್ತೆಂಟು-ಎಪ್ಪತ್ತೊಂಬತ್ತರಲ್ಲಿ ಆ ಏಳನೇ ಕ್ಲಾಸಿಗೆ ಪಾಠ ಹೇಳಿದವರು ಮುನಾವರ್ ಪಾಷಾ ಅವರೇ ಹೊರತು ನಾನಲ್ಲ, ಪ್ರಶಸ್ತಿ ಅವರದು, ನಿರ್ಲಕ್ಷ್ಯ ನನ್ನದು ಎಂದು ಬರೆದು ಸಹಿ ಹಾಕಿದ್ದೇನೆ. ಇದೇ ಹೇಳಿಕೆಯ ಇನ್ನೊಂದು ಪ್ರತಿಯನ್ನು ಇಲಾಖೆಗೂ ಕೊಡುತ್ತೇನೆ, ಆ ಸಾಲನ್ನು ಅವರು ನಿವೃತ್ತಿಯಾಗುವ ಮೊದಲು ಹೊಡೆದುಹಾಕಿ ಎಂದು. ಹೊಡೆದುಹಾಕುತ್ತಾರೋ, ನನ್ನ ಮೇಲೆ ಇನ್ನೊಂದು ಸಾಲು ಬರೆಯುತ್ತಾರೋ, ನೋಡೋಣ. ಸಮಾರಂಭದಲ್ಲಿ ನೀನು ಇದನ್ನು ಗಟ್ಟಿಯಾಗಿ ಓದು. ನಿನ್ನ ಅಪ್ಪನ ಮಾನ ಹೋಗುತ್ತದೆಂದು ಮಧ್ಯದಲ್ಲಿ ಒಂದೆರಡು ಸಾಲು ಹಾರಿಸಬೇಡ. ಫೋಟೋವನ್ನು ಗೋಡೆಯಿಂದ ಇಳಿಸಿದ್ದೇನೆ. ಅಮ್ಮ ಕೇಳಿದಳು, ಗಾಜು ಒರೆಸಲು ಎಂದೆ. ಅವಳಿಗೂ ಹೇಳಬೇಕು, ನಜೀರಾ ಅವರ ಮನೆಯ ಗಂಜಿಯ ವಿಷಯವನ್ನೂ ಸೇರಿಸಿ. ಇವತ್ತೇ ಹೇಳುತ್ತೇನೆ.

ಆರೋಗ್ಯ ನೋಡಿಕೋ. ಕಾಯಿಸಿ ಆರಿಸಿದ ನೀರು ಕುಡಿ. ನಿನ್ನ ಕ್ಲಾಸಿನ ದಡ್ಡ ಮಕ್ಕಳ ಪಕ್ಕದಲ್ಲಿ ದಿನಾ ಐದು ನಿಮಿಷವಾದರೂ ಕೂತುಕೋ. ಒಳ್ಳೆಯ ಮೇಷ್ಟರಾಗು, ಅದಕ್ಕಿಂತ ಹೆಚ್ಚಾಗಿ, ಜೊತೆಯಲ್ಲಿ ಕೆಲಸ ಮಾಡುವವರ ಕಣ್ಣಿನಲ್ಲಿ ಕಣ್ಣಿಟ್ಟು ನೋಡುವಂತೆ ಬಾಳು. ರಂಗನಾಥಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಪ್ರೀತಿಯ ಅಪ್ಪ,
ವೆಂಕಟರಂಗಯ್ಯ

ಮರೆತ ಮಾತು: ಮರೆತದ್ದಲ್ಲ. ಬರೆಯದೆ ತಪ್ಪಿಸಿಕೊಂಡದ್ದು.

ಕವರಿಗೆ ಅಂಟು ಹಚ್ಚುವ ಮೊದಲು ಹೇಳಿಕೆಯನ್ನು ಇನ್ನೊಂದು ಸಲ ಓದಿದೆ. ಅದರಲ್ಲಿ 'ಇನ್ಸ್‌ಪೆಕ್ಟರವರು ಪ್ರಶ್ನಿಸಿದ ದಿನ ನಾನು ಕಾಯಿಲೆಯ ನಿಮಿತ್ತ ಮಾತಾಡಲು ಶಕ್ತನಾಗಿರಲಿಲ್ಲ' ಎಂದು ಬರೆದಿದ್ದೇನೆ. ಅದು ಸುಳ್ಳು.

ಆವತ್ತು ಬೆಳಿಗ್ಗೆ ಬೇಗ ಬಂದವನು, ಪಾಷಾ ಇನ್ನೂ ಬಂದಿರಲಿಲ್ಲ, ಶಾಲೆಯ ಹಿಂದೆ ಹೊಂಗೆ ಮರದ ಕೆಳಗೆ ನಿಂತು, ಬರುತ್ತದೇನೋ ನೋಡೋಣ ಎಂದು ಬಾಯಿ ತೆರೆದೆ. ಬಂತು. 'ರಂಗನಾಯಕಿ' ಅಂದೆ. ಇನ್ನೊಂದು ಸಲ ಅಂದೆ. ಒರಟಾಗಿತ್ತು, ಆದರೆ ಸ್ಪಷ್ಟವಾಗಿತ್ತು. ಕಣ್ಣೀರು ಬಂತು. ಪಾಷಾ ಬಂದ ಕೂಡಲೇ ಮೊದಲು ಅವರಿಗೇ ಹೇಳಬೇಕೆಂದು ಅಂದುಕೊಂಡಿದ್ದೆ, ಆದರೆ ಆವತ್ತು ಅವರು ಬರುವಾಗ ಹತ್ತು ಗಂಟೆಯಾಗಿತ್ತು, ಅವರ ಹಿಂದೆಯೇ ಇನ್ಸ್‌ಪೆಕ್ಟರ ಜೀಪು ಬಂತು.

ಮಾತು ಬಂದವನನ್ನು ಯಾವ ಬೋರ್ಡೂ ಮನೆಗೆ ಕಳಿಸುತ್ತಿರಲಿಲ್ಲ. ಹೆದರಿಕೆಯಿಂದ ಸುಮ್ಮನಿದ್ದೆ ಎನ್ನಲೂ ನನಗೆ ಬಾಯಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಇನ್ಸ್‌ಪೆಕ್ಟರು ನನ್ನ ಬೆನ್ನು ತಟ್ಟಿದ್ದರಲ್ಲ, ಆ ಶಭಾಷ್ ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ. ಅಷ್ಟಕ್ಕೇ ಆ ಮನುಷ್ಯನನ್ನು ಮಾರಿದೆ. ಆಮೇಲೆ ಒಂದು ತಿಂಗಳು, ಅವರು ವರ್ಗವಾಗಿ ಹೋಗುವವರೆಗೂ, ಮೂಕನಂತೆಯೇ ನಟಿಸಿದೆ. ಅವರು ಆ ಒಂದು ತಿಂಗಳೂ ಕಂಡಿಯಲ್ಲಿ ನಿಂತು ನನ್ನ ಪಾಠ ಹೇಳಿದರು. ಇದು ನಿನ್ನಮ್ಮನಿಗೆ ಗೊತ್ತಿಲ್ಲ, ಡಾಕ್ಟರಿಗೆ ಗೊತ್ತಿಲ್ಲ, ಪಾಷಾ ಅವರಿಗೆ ಗೊತ್ತಿಲ್ಲ. ಅವರು ನನ್ನನ್ನು ಕ್ಷಮಿಸಿರುವುದು ಮಾತು ಬರುತ್ತಿರಲಿಲ್ಲ ಎಂಬ ನಂಬಿಕೆಯ ಮೇಲೆ.

ಹೇಳಿಕೆಯನ್ನು ಹರಿದುಹಾಕಿದ್ದೇನೆ, ಕವರಿನಲ್ಲಿ ಹುಡುಕಬೇಡ. ಇಲಾಖೆಗೆ ಹೊಸದಾಗಿ ಬರೆದುಕೊಡುತ್ತೇನೆ, ಆ ಸುಳ್ಳಿನ ಸಾಲಿಲ್ಲದೆ. ಮೂವತ್ತನೆಯ ತಾರೀಖು ಬೆಳಗಿನ ಬಸ್ಸಿಗೆ ನಾನೇ ಕುಣಿಗಲ್ಲಿಗೆ ಬರುತ್ತೇನೆ. ಸಭೆಗಿಂತ ಮೊದಲು ಅವರ ಮನೆಗೆ ಹೋಗಿ ಅವರಿಗೆ ಹೇಳುತ್ತೇನೆ, ಆಮೇಲೆ ಎಲ್ಲರ ಮುಂದೆ ಹೇಳುತ್ತೇನೆ. ಬಸ್ ಸ್ಟ್ಯಾಂಡಿಗೆ ಬಾ, ಅವರ ಮನೆ ನನಗೆ ಗೊತ್ತಿಲ್ಲ.

ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಎದ್ದು ನಿಂತವನು ಗಂಟಲು ಮುಟ್ಟಿಕೊಂಡು ಕೂತುಬಿಟ್ಟೇನು. ಆಗ ಪಾಷಾ ಅವರೇ ಎದ್ದು, ಪಾಪ ಅವರಿಗೆ ಗಂಟಲು ಸರಿಯಿಲ್ಲ ಬಿಡಿ ಎಂದಾರು, ಅವರು ಹಾಗೆ ಅನ್ನುವವರೇ. ನೀನು ಸುಮ್ಮನಿರಬೇಡ ಮಗಳೇ. ಈ ಕಾಗದ ತೆಗೆದು ಎಲ್ಲರಿಗೂ ಕೇಳುವಂತೆ ಓದು. ನಮ್ಮಪ್ಪನಿಗೆ ಮಾತು ಬರುತ್ತದೆ, ಆವತ್ತೂ ಬರುತ್ತಿತ್ತು ಎಂದು ಹೇಳು.